ಹತ್ತಿ ಪೆಟ್ಟಿಗೆಯೊಳಗಿಂದ ಬಂದ ಉತ್ತರ

ಶಹಾಪುರದಿಂದ ಸುರಪುರದ ಕಡೆ ಹೋಗುವ ರಸ್ತೆಯ ಬದಿಗೆ ಜಗದೇವಪ್ಪ ಸಾವ್ಕಾರರ ಹತ್ತಿ ಮಿಲ್ಲು. ಮಿಲ್ಲಿನ ಹಿಂದೆ ಒಂದು ಹಾಳುಬಾವಿ. ನೀರು ಬತ್ತಿ ಎಷ್ಟೋ ಕಾಲವಾಗಿತ್ತು. ಮಿಲ್ಲಿನ ಕಸ, ಒಣ ಸಿಪ್ಪೆ, ಎಲೆಪುಡಿ ಎಲ್ಲ ಅದರೊಳಗೇ ಬೀಳುತ್ತಿತ್ತು. ಬಾವಿಯ ಪಕ್ಕದ ಕಾಲುದಾರಿ ಹಿಡಿದರೆ ನಮ್ಮ ಚಿಗವ್ವ ಮೌನಮ್ಮನ ಮನೆ.

ಚಿಗವ್ವನ ಕಿರಿಮಗ ಸಾಯಿಕುಮಾರ ಆ ರಾತ್ರಿ ಅದೇ ದಾರಿಯಲ್ಲಿ ಮನೆಗೆ ಹೊರಟಿದ್ದ. ಒಬ್ಬನೇ. ಚಳಿ. ಹಿಂದೆ ಮಿಲ್ಲಿನ ಸದ್ದು… ಘರ್ರ್… ಘರ್ರ್… ಸಣ್ಣಗಾಗುತ್ತ ಬಂತು. ಬಾವಿಯ ಹತ್ತಿರ ಬಂದಾಗ ಅವನ ಅಂಗಿಯ ಜೇಬಿನಲ್ಲಿ ಯಾರೋ ಕೆಮ್ಮಿದರು.

ಹೌದು. ಜೇಬಿನಲ್ಲಿ.

ಒಣ ಕೆಮ್ಮು. ಹತ್ತಿಯ ಧೂಳು ಕುಡಿದ ಎದೆಯಿಂದ ಬರುವಂಥದ್ದು… ಖೊಕ್… ಖೊಕ್. ನಿಂತ. ಜೇಬಿನಲ್ಲಿದ್ದದ್ದು ಮೊಬೈಲ್ ಒಂದೇ. ತೆಗೆದು ನೋಡಿದರೆ ಪರದೆ ಕಪ್ಪಗಿತ್ತು. ಒಳಗಿನಿಂದ ಗಂಡುದನಿ, ಬಾಯಿಗೆ ಬಟ್ಟೆ ಕಟ್ಟಿಕೊಂಡು ಮಾತಾಡಿದ ಹಾಗೆ:

"ಅಂದರ್ ಹೂಂ, ಭಾಯ್… ನಕ್ಕೋ ಚಲಾವ್…"

ಒಳಗಿದ್ದೀನಿ, ಅಣ್ಣಾ… ಚಾಲೂ ಮಾಡಬೇಡ. ನಮ್ಮ ಕಡೆ ಮುಸಲ್ಮಾನರ ಮನೆಗಳಲ್ಲಿ ಆಡುವ ದಖ್ಖನಿ ಮಾತು.

ಅವನು ಓಡಲಿಲ್ಲ. ವೆಬ್‌ಸೈಟ್ ಕಟ್ಟುವ ಕೆಲಸದವನು. ಮಿಲ್ಲಿಗೆ ತಾನು ಮಾಡಿಕೊಟ್ಟ ಮಾತಾಡುವ ಆ್ಯಪಿನಲ್ಲಿ ಏನೋ ತಪ್ಪಿದೆ ಎಂದುಕೊಂಡ. ಮೊಬೈಲನ್ನು ಬಾಯಿಗೆ ಹತ್ತಿರ ಹಿಡಿದು ಮೆಲ್ಲಗೆ ಕೇಳಿದ:

"ಯಾರು?"

ಮೊಬೈಲಿನಿಂದ ಉತ್ತರ ಬರಲಿಲ್ಲ. ಬಾವಿಯೊಳಗಿಂದ ಸಿಪ್ಪೆ ಜಾರಿದ ಸದ್ದು ಬಂತು… ಸರ್ರ್… ಸರ್ರ್… ಅಷ್ಟೆ.

ನಡುವೆ ಯಾರೂ ಬಾಯಿ ಹಾಕಬೇಡಿ. ದೆವ್ವ, ಪಿಶಾಚಿ ಎಂಬ ಶಬ್ದವನ್ನು ನಾನು ಬಳಸುವುದಿಲ್ಲ. ಕಾಣದ್ದಕ್ಕೆ ಹೆಸರಿಡಬಾರದು ಎಂದು ನಮಗೆ ಇಂಗ್ಲಿಷ್ ಶಾಲೆಯಲ್ಲಿ ಬೆತ್ತ ಹಿಡಿದು ಕಲಿಸಿದ್ದರು. ಮರುದಿನ ರಾತ್ರಿ ಮಿಲ್ಲಿನಲ್ಲಿ ನಿಂತಿದ್ದವರನ್ನು ಒಬ್ಬೊಬ್ಬರನ್ನೇ ಬೇರೆ ಕೂರಿಸಿ ಕೇಳಿದ್ದೇನೆ. ಎಲ್ಲರ ಮಾತೂ ಒಂದೇ. ಇಲ್ಲದಿದ್ದರೆ ನಾನು ಇದನ್ನು ಹೇಳುತ್ತಿರಲಿಲ್ಲ.

ಸಾಯಿಕುಮಾರ ಜಗದೇವಪ್ಪ ಸಾವ್ಕಾರರಿಗೆ ಒಂದು ವೆಬ್ ಆ್ಯಪ್ ಕಟ್ಟಿಕೊಟ್ಟಿದ್ದ. ಇವತ್ತಿನ ಹತ್ತಿ ಧಾರಣೆ ಏನು, ತನ್ನ ಗಾಡಿಯ ಪಾಳಿ ಯಾವಾಗ, ರೈತ ಮೊಬೈಲಿನಲ್ಲೇ ನೋಡಬಹುದು. ಆ ಸುಗ್ಗಿಗೆ ಸಾವ್ಕಾರರಿಗೆ ಅದೂ ಸಾಲದಾಯಿತು.

"ನಮ್ಮ ರೈತ ಓದೂದಿಲ್ಲೋ ಸಾಯಿಕುಮಾರ, ಕೇಳತಾನ. ಕೇಳಿದ್ರ ಮಾತಾಡೂದು ಬೇಕು ನನಗ. ಎಐ ಅಂತಾರಲ್ಲ, ಅದನ್ನ ಹಚ್ಚು."

"ಹಚ್ಚತೀನ್ರಿ. ಆದ್ರ ಗೊತ್ತಿಲ್ಲದ್ದು ಕೇಳಿದ್ರ ಗೊತ್ತಿಲ್ಲ ಅಂತದ."

"ಗೊತ್ತಿಲ್ಲ ಅಂಬೂದು ಬ್ಯಾಡ. ಸುಮ್ಮನಿರೂದಂತೂ ಬ್ಯಾಡೇ ಬ್ಯಾಡ. ಸುಮ್ಮನಿದ್ರ ರೈತ ಗಾಡಿ ಹೊಳ್ಳಿಸಿಕೊಂಡು ಬ್ಯಾರೆ ಮಿಲ್ಲಿಗಿ ಹೋಗತಾನ. ಏನು ಕೇಳಿದ್ರೂ ಏನರೆ ಒಂದು ಹೇಳಬೇಕು."

ಸಾಯಿಕುಮಾರ ಹಾಗೆಯೇ ಮಾಡಿದ. ಆ ಎಐಗೆ ಕೊಡುವ ಅಪ್ಪಣೆಯಲ್ಲಿ ಒಂದು ಸಾಲು ಬರೆದ: ಯಾವ ಪ್ರಶ್ನೆಯನ್ನೂ ಉತ್ತರವಿಲ್ಲದೆ ಬಿಡಬೇಡ. ಮಿಲ್ಲಿನ ಧಾರಣೆ, ನಿಯಮ, ಕೆಲಸದ ಕ್ರಮ ಎಲ್ಲ ಓದಿಸಿದ. ನಮ್ಮ ಕಡೆಯ ಕನ್ನಡ ಆಡುವ ಹೆಣ್ಣುದನಿ ಕೊಟ್ಟ. ಕನ್ನಡ ಮಾತ್ರ. ಮೊಬೈಲ್ ಇಲ್ಲದವರಿಗೂ ಅನುಕೂಲವಾಗಲೆಂದು ತೂಕದ ಕಾಟಾದ ಹತ್ತಿರ ಒಂದು, ಪ್ರೆಸ್ಸಿನ ಶೆಡ್ಡಿನಲ್ಲಿ ಒಂದು, ಮೈಕು ಮತ್ತು ಸ್ಪೀಕರ್ ಇರುವ ಡಬ್ಬಿ ಕೂರಿಸಿದ. ಬಾಯಿ ಮುಚ್ಚದ ಆ ಡಬ್ಬಿಗೆ ಹಮಾಲರು ಮೊದಲ ದಿನವೇ ಮಾತಿನಮಲ್ಲಿ ಎಂದು ಹೆಸರಿಟ್ಟರು. ಆಮೇಲೆ ಬರೀ ಮಲ್ಲಿ.

"ಏ ಮಲ್ಲವ್ವ, ನನಗ ಹೆಣ್ಣು ಯಾವಾಗ ಸಿಗತದ?"

"ನಿಮ್ಮ ಪಾಳಿ ಬಂದ ಕೂಡ್ಲೆ ತಿಳಸ್ತೀನ್ರಿ."

ಗಾಡಿಯ ಮೇಲೆ ಕೂತವರೆಲ್ಲ ಹೊಟ್ಟೆ ಹಿಡಿದು ನಗುತ್ತಿದ್ದರು.

ಈಗ ಪ್ರೆಸ್ಸಿನ ಮಾತು. ಇದು ತಿಳಿಯದಿದ್ದರೆ ಮುಂದಿನದು ತಿಳಿಯುವುದಿಲ್ಲ.

ಬೀಜ ತೆಗೆದ ಹತ್ತಿಯನ್ನು ಒತ್ತಿ, ತಂತಿ ಬಿಗಿದು, ಬೇಲು ಎಂಬ ಗಟ್ಟಿ ಮೂಟೆ ಮಾಡುವ ಯಂತ್ರ ಅದು. ಆಳೆತ್ತರಕ್ಕೂ ಮೀರಿದ ಎರಡು ಕಬ್ಬಿಣದ ಪೆಟ್ಟಿಗೆ, ನಡುವಿನ ಕಂಬದ ಸುತ್ತ ತಿರುಗುವಂತೆ ಅಕ್ಕಪಕ್ಕ ನಿಂತಿವೆ. ಒಂದರಲ್ಲಿ ಹತ್ತಿ ತುಂಬುತ್ತಾರೆ; ಒಳಗೆ ಆಳು ಇಳಿದು ಕಾಲಿನಿಂದ ತುಳಿಯುತ್ತಾನೆ. ತುಂಬಿದ ಮೇಲೆ ಹಮಾಲರು ಹೆಗಲು ಕೊಟ್ಟು ತಿರುಗಿಸುತ್ತಾರೆ. ಆಗ ತುಂಬಿದ ಪೆಟ್ಟಿಗೆ ಒತ್ತುವ ಹಲಗೆಯ ಕೆಳಗೆ ಬರುತ್ತದೆ, ಖಾಲಿಯದು ಈ ಕಡೆ ಬರುತ್ತದೆ. ಮೇಲಿಂದ ಕಬ್ಬಿಣದ ಹಲಗೆ ಇಳಿದು, ಆಳೆತ್ತರದ ಹತ್ತಿಯನ್ನು ಮೊಣಕಾಲೆತ್ತರದ ಕಲ್ಲು ಮಾಡುತ್ತದೆ. ಹತ್ತಿ ಯಾವುದು, ಎಲುಬು ಯಾವುದು, ಆ ಹಲಗೆಗೆ ಗೊತ್ತಿಲ್ಲ.

ಅದಕ್ಕೇ ಒಂದು ರಿವಾಜು ಇತ್ತು. ಒತ್ತುವ ಮೊದಲು ಹಮಾಲರ ಮೇಲಿನ ಮುಕಾದಮ ಬೇಲು ಎಳೆಯುವ ಕಬ್ಬಿಣದ ಕೊಕ್ಕಿಯಿಂದ ಪೆಟ್ಟಿಗೆಗೆ ಬಡಿಯುತ್ತಿದ್ದ… ಠಣ್! "ಒಳಗ ಯಾರದೀರಿ?" ಎಂದು ಕೂಗುತ್ತಿದ್ದ. ಆಮೇಲೆ ಎಲ್ಲರೂ ಉಸಿರು ಬಿಗಿಹಿಡಿದು ಕೇಳುವುದು. ಸಪ್ಪಳ ಬಂದರೆ ಕೆಲಸ ನಿಲ್ಲಬೇಕು. ಏನೂ ಬರದಿದ್ದರೆ ಮಾತ್ರ ಮುಂದೆ. ಹಲಗೆ ಇಳಿಸುವ ಪಂಪಿನ ಗುಂಡಿ ಒತ್ತುವ ಅಂಬ್ರಪ್ಪ ಗೋಡೆಯ ಆಚೆ ಕೂತಿರುತ್ತಿದ್ದ. ಅವನಿಗೆ ಪೆಟ್ಟಿಗೆ ಕಾಣುತ್ತಿರಲಿಲ್ಲ. ಬಡಿದದ್ದು ಕೇಳಬೇಕು, ಕೂಗಿದ್ದು ಕೇಳಬೇಕು, ಆಮೇಲೆ ಸುಮ್ಮನಿರುವುದನ್ನು ಕೇಳಬೇಕು, ಕೊನೆಗೆ ಮುಕಾದಮ "ಚಾಲೂ ಮಾಡ್" ಎಂದಾಗ ಗುಂಡಿ ಒತ್ತಬೇಕು. ಅಲ್ಲಿ ಜೀವ ಕಾಯುತ್ತಿದ್ದದ್ದು ಆ ಮೌನ.

ಮಲ್ಲಿ ಬಂದ ವಾರದಲ್ಲೇ ಅದು ಕೆಟ್ಟಿತು.

ಮುಕಾದಮ ಸಂಗಣ್ಣ ಬಡಿದು ಕೂಗಿದ. ಡಬ್ಬಿಯಿಂದ ಸಿಹಿಯಾದ ದನಿ:

"ಒಳಗ ಯಾರೂ ಇಲ್ರಿ. ಚಾಲೂ ಮಾಡ್ರಿ."

ಒತ್ತುವಾಗ ಪೆಟ್ಟಿಗೆಯಲ್ಲಿ ಯಾರೂ ಇರಕೂಡದು ಎಂಬ ನಿಯಮವನ್ನು ಅದು ಓದಿತ್ತು. ನಿಯಮವನ್ನೇ ನಿಜ ಎಂದುಕೊಂಡು ಉತ್ತರ ಕೊಟ್ಟಿತು. ಹಮಾಲರು ನಕ್ಕರು. ಸಂಗಣ್ಣನೂ ನಕ್ಕ. ಕೆಲವು ದಿನಕ್ಕೆ ಅದೇ ರೂಢಿಯಾಯಿತು. ಮೌನಕ್ಕೆ ಯಾರೂ ಕಾಯಲಿಲ್ಲ. ಗೋಡೆಯ ಆಚೆ ಅಂಬ್ರಪ್ಪ ಮಲ್ಲಿಯ ಮಾತಿಗಷ್ಟೇ ಕಿವಿ ಕೊಟ್ಟ. ಕೆಲಸ ಬೇಗ ಸಾಗಿತು. ಸಾವ್ಕಾರರಿಗೆ ಖುಷಿ.

ಪೆಟ್ಟಿಗೆಗೆ ಇಳಿದು ಹತ್ತಿ ತುಳಿಯುವವನು ಯಾರು? ಸಾಯಿಕುಮಾರನ ಸ್ವಂತ ಅಣ್ಣ, ಭೀಮು.

ಒಂದು ಸಂಜೆ ಉಣ್ಣಲು ಕೂತಾಗ ಭೀಮು ಕೇಳಿದ:

"ತಮ್ಮಾ, ನಿನ್ನ ಮಲ್ಲಿಗಿ ಕಣ್ಣದಾವೇನು?"

"ಇಲ್ಲ."

"ಮತ್ತ ನಾ ಒಳಗದೀನೋ ಹೊರಗದೀನೋ ಅಕಿಗಿ ಹ್ಯಾಂಗ ತಿಳಿತದ?"

ಸಾಯಿಕುಮಾರ ಕೈಯಲ್ಲಿನ ರೊಟ್ಟಿಯನ್ನು ತಾಟಿಗೆ ಇಟ್ಟ.

"ಶ್ಯಾಣ್ಯಾ ಇದ್ದೀಪಾ," ಅಂದ ಭೀಮು. "ನಿನ್ನ ಶ್ಯಾಣ್ಯಾತನ ನನ್ನ ತಲಿ ಮ್ಯಾಲೆ ಇಳಿಯೂ ಮೊದಲ ಅದನ್ನ ಕಿತ್ತು ಒಗಿ."

ಉಂಡವನೇ ಸಾಯಿಕುಮಾರ ಮಿಲ್ಲಿಗೆ ಹೋದ. ಸಾವ್ಕಾರರ ಮುಂದೆ ನಿಂತು ಹೇಳಿದ. ಅವರು ಅಡಕೆ ಕತ್ತರಿಸುತ್ತ ಕೇಳಿದರು… ಕಟ್… ಕಟ್.

"ಸೀಜನ್ ಮುಗೀಲಿ. ಆಮ್ಯಾಲೆ ತಗಿ. ಈಗ ಕೈ ಹಚ್ಚಬ್ಯಾಡ."

ಅಲ್ಲಿಂದ ಹೊಳ್ಳಿ ಬರುವಾಗಲೇ ಬಾವಿಯ ಹತ್ತಿರ ಆ ಕೆಮ್ಮು. ಆ ಮಾತು.

ಮುಂಜಾನೆ ಅಂಗಳದಲ್ಲಿ ಮುಖ ತೊಳೆಯುತ್ತಿದ್ದ ಅಣ್ಣನಿಗೆ ಅದನ್ನು ಹೇಳಿದ. ಭೀಮುವಿನ ಕೈಯಿಂದ ನೀರಿನ ಚರಿಗಿ ಜಾರಿ ಕಲ್ಲಿನ ಮೇಲೆ ಬಿತ್ತು… ಠಣ್ ಠಣ ಠಣ…

"ಏನಂದ? ಮತ್ತೊಮ್ಮಿ ಅನ್ನು."

"ಅಂದರ್ ಹೂಂ ಭಾಯ್, ನಕ್ಕೋ ಚಲಾವ್."

ಭೀಮು ಸುತ್ತ ನೋಡಿ ದನಿ ತಗ್ಗಿಸಿದ.

"ಅದು ಅಬ್ರಾರನ ಮಾತು."

ಅಬ್ರಾರ ರಂಗಂಪೇಟೆಯವನು. ಪೆಟ್ಟಿಗೆಯಲ್ಲಿ ಭೀಮುವಿನ ಜೋಡಿ ಹತ್ತಿ ತುಳಿಯುತ್ತಿದ್ದವನು. ಒಳಗಿದ್ದಾಗ ಮುಕಾದಮ ಕೂಗಿದರೆ ಪ್ರತಿಸಲವೂ ಇದೇ ಮಾತು, ಇದೇ ಕೆಮ್ಮಿನ ಜೊತೆ ಬರುತ್ತಿತ್ತು. ಹಿಂದಿನ ಸುಗ್ಗಿಯಲ್ಲಿ ಒಂದು ಮುಂಜಾನೆ ಅವನು ಇರಲಿಲ್ಲ. ಹೈದರಾಬಾದಿಗೆ ಓಡಿಹೋದ ಎಂದು ಸಾವ್ಕಾರರು ಹೇಳಿದರು. ಸಂಗಣ್ಣ ಹೌದೆಂದ. ಅಬ್ರಾರನ ತಂಗಿ ಅರ್ಜುಮಂದ ಗೇಟಿನ ಹತ್ತಿರ ಬಂದು ಬಂದು ನಿಂತು, ಕೊನೆಗೆ ಬರುವುದನ್ನು ಬಿಟ್ಟಳು. ಮಲ್ಲಿ ಮಿಲ್ಲಿಗೆ ಬಂದದ್ದು ಅದಾಗಿ ವರ್ಷದ ಮೇಲೆ. ಅಬ್ರಾರನ ದನಿಯನ್ನು ಅದು ಕೇಳಿರುವ ಸಾಧ್ಯತೆಯೇ ಇಲ್ಲ.

"ಓಡಿಹೋಗೂ ಮನಷ್ಯಾ ಅಲ್ಲ ಅಂವ," ಅಂದ ಭೀಮು. "ಹೋಗೂ ಹಿಂದಿನ ದಿನ ಎಲ್ಲಾರ ಮುಂದ ಸಂಗಣ್ಣನ ಕಪಾಳಕ್ಕ ಹೊಡದಿದ್ದ. ಸಂಗಣ್ಣ ಕೂಲಿ ಹೆಣ್ಣಮಗಳ ಸೆರಗಿಗಿ ಕೈ ಹಾಕಿದ್ದ. ನಾ ಇವತ್ತ ಕೇಳತೀನಿ ಅವನ್ನ."

"ಬ್ಯಾಡಣ್ಣ. ನಿನ್ನ ಕಾಲಿಗಿ ಬೀಳತೀನಿ. ಇವತ್ತ ಪೆಟ್ಟಿಗಿಗಿ ಇಳಿಬ್ಯಾಡ. ಸಾವ್ಕಾರ್ರು ಏನರೆ ಅನ್ಲಿ, ಆ ಸಾಲು ಅಳಸಿ ಹಾಕತೀನಿ. ರಾತ್ರಿ ಬಂದು ಡಬ್ಬೀನೂ ಕಿತಗೊಂಡು ಬರ್ತೀನಿ."

ಭೀಮು ಹೂಂ ಅಂದ.

ಮಧ್ಯಾಹ್ನ ಸಾಯಿಕುಮಾರ ಮನೆಯಲ್ಲೇ ಕೂತು ಆ ಸಾಲು ತೆಗೆದುಹಾಕಿದ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನು, ಕಾಣದ್ದನ್ನು ಕಾಣದು ಎನ್ನು ಎಂದು ಬರೆದ. ಮೊಬೈಲಿನಲ್ಲಿ ಪರೀಕ್ಷೆ ಮಾಡಿದ: "ಒಳಗ ಯಾರದೀರಿ?"

"ನನಗ ಕಾಣೂದಿಲ್ರಿ. ನೀವೇ ಇಣಿಕಿ ನೋಡ್ರಿ."

ಮತ್ತೆ ಕೇಳಿದ. ಅದೇ ಉತ್ತರ. ಮತ್ತೆ ಕೇಳಿದ. ಅದೇ. ಇದನ್ನು ನೆನಪಿಡಿ.

ಕತ್ತಲಾದ ಮೇಲೆ ಮಿಲ್ಲಿಗೆ ಹೋದ. ಡಬ್ಬಿ ಕೀಳಬೇಕು, ಇನ್ನು ಮೊದಲಿನ ಹಾಗೆ ಮೌನಕ್ಕೇ ಕಾಯಬೇಕೆಂದು ಅಂಬ್ರಪ್ಪನಿಗೆ ಹೇಳಬೇಕು, ಅಣ್ಣನನ್ನು ಕರೆದುಕೊಂಡು ಬರಬೇಕು. ಪ್ರೆಸ್ಸಿನ ಶೆಡ್ಡಿಗೆ ಕಾಲಿಟ್ಟಾಗ ಹಮಾಲರು ಆಗತಾನೆ ಚಹಾ ಕುಡಿದು ಬಂದು ನಿಂತಿದ್ದರು. ಪೆಟ್ಟಿಗೆಗಳ ಬಾಯಿಯ ಮಟ್ಟಕ್ಕಿದ್ದ ಅಟ್ಟಣಿಗೆಯ ಮೇಲೆ ಸಂಗಣ್ಣ. ಓಡಿ ಬಂದವನ ಹಾಗೆ ಏದುಸಿರು… ಹಸ್… ಹಸ್… ಈ ಕಡೆಯ ಪೆಟ್ಟಿಗೆಯಲ್ಲಿ ಹತ್ತಿ ಬಾಯಿತನಕ ತುಂಬಿತ್ತು. ಹಲಗೆಯ ಕೆಳಗಿನದು ಖಾಲಿ.

"ನಮ್ಮಣ್ಣ ಎಲ್ಲದಾನ್ರಿ?"

"ಮನಿಗಿ ಹೋದ. ಹೊಟ್ಟಿ ನೋವು ಅಂದ."

"ನಾ ಅದೇ ದಾರಿಲೆ ಬಂದೀನಿ. ಸಿಗಲಿಲ್ಲ."

"ನಿಮ್ಮಣ್ಣಗ ನಾ ಏನು ಹಗ್ಗ ಕಟ್ಟಿ ಹಿಡದೀನೇನಲೇ?"

ಅವನ ಕೈಯಲ್ಲಿ ಬೇಲು ಎಳೆಯುವ ಕೊಕ್ಕಿ. ಅದರ ಮೊನೆಗೆ ಹತ್ತಿ ಮೆತ್ತಿತ್ತು. ಹತ್ತಿ ಕೆಂಪಗಿತ್ತು.

"ಕೊಕ್ಕಿಗಿ ಏನ್ರಿ ಅದು?"

"ಕುಂಕಮ. ಮಶೀನಿಗಿ ಪೂಜಾ ಮಾಡೀನಿ," ಅಂದ ಸಂಗಣ್ಣ. "ಏನು ನೋಡತೀರಿ? ಪೆಟ್ಟಿಗಿ ತಿರುಗಸ್ರಿ!"

ಹಮಾಲರು ಪೆಟ್ಟಿಗೆಗೆ ಹೆಗಲು ಕೊಟ್ಟರು. ಸಾಯಿಕುಮಾರ ಗೋಡೆಯ ಹತ್ತಿರ ಹೋಗಿ ಡಬ್ಬಿಯ ಕರೆಂಟಿನ ಪಿನ್ನಿಗೆ ಕೈ ಹಾಕಿದ.

ಡಬ್ಬಿ ಕೆಮ್ಮಿತು.

ಖೊಕ್… ಖೊಕ್…

"ಅಂದರ್ ಹೂಂ, ಭಾಯ್… ನಕ್ಕೋ ಚಲಾವ್…"

ಹೆಗಲು ಕೊಟ್ಟವರು ಹಾಗೆಯೇ ನಿಂತರು. ಮುಜಫರ ಎಂಬ ಹಿರಿಯ ಹಮಾಲ ಎರಡು ಹೆಜ್ಜೆ ಹಿಂದೆ ಸರಿದ. ಅಬ್ರಾರ ಅವನ ಓಣಿಯವನೇ.

"ಯಾ ಅಲ್ಲಾ…" ಅಂದ ಮೆಲ್ಲಗೆ. "ಇದು ನಮ್ಮ ಹುಡುಗನ ದನಿ."

"ಡಬ್ಬಿ ಕೆಟ್ಟದಲೇ!" ಸಂಗಣ್ಣ ಒದರಿದ. "ತಿರುಗಸ್ರಿ!"

"ಇಲ್ರಿ," ಅಂದ ಮುಜಫರ. "ಒಳಗಿಂದ ಮಾತು ಬಂದ ಮ್ಯಾಲೆ ಕೈ ಹಚ್ಚೂದಿಲ್ಲ. ಪೆಟ್ಟಿಗಿ ನೋಡೂಣು."

ಸಾಯಿಕುಮಾರ ಪಿನ್ನು ಕೀಳಲಿಲ್ಲ. ಒಳಗೆ ಯಾರೋ ಇದ್ದಾರೆ ಎಂದು ಹೇಳುತ್ತಿದ್ದದ್ದು ಅದೊಂದೇ. ತುಂಬಿದ ಪೆಟ್ಟಿಗೆಯ ಕಡೆ ನೋಡಿದ. ಅಲ್ಲಿಗೆ ನುಗ್ಗಿದ. ಸಂಗಣ್ಣ ಅಟ್ಟಣಿಗೆಯ ಮೆಟ್ಟಿಲಲ್ಲೇ ಅವನ ಎದೆಗೆ ಒದ್ದ… ಧಡ್! ಬಿದ್ದವನ ಬಾಯಿ ಒಡೆದು ಹಲ್ಲು ಕೈಗೆ ಬಂತು. ಮತ್ತೆ ಎದ್ದ. ಸಂಗಣ್ಣ ಕೊಕ್ಕಿಯ ಹಿಡಿಯಿಂದ ಅವನ ಮಂಡಿಗೆ ಹೊಡೆದ. ಮತ್ತೆ ಬಿದ್ದ. ಆದರೆ ಈಗ ಹಮಾಲರೆಲ್ಲ ಮೆಟ್ಟಿಲ ಕಡೆ ಬಂದಿದ್ದರು.

ಸಂಗಣ್ಣ ಅದನ್ನು ನೋಡಿದ. ದನಿ ಬದಲಿಸಿದ.

"ನೋಡಬೇಕೇನು? ತೋರಸ್ತೀನಿ ಬರ್ರಿ. ಇದನ್ನ ನಾನೇ ತುಂಬೀನಿ, ಇದರಾಗ ಯಾರಿಲ್ಲ. ಆ ಖಾಲಿದರಾಗ ಯಾವನರೆ ಕುಡದು ಬಿದ್ದಿದ್ರ ನೋಡತೀನಿ."

ತುಂಬಿದ್ದನ್ನು ಬಿಟ್ಟು ಖಾಲಿಯದಕ್ಕೆ ಹೋದ. ಯಾಕೆ ಹೋದ ಎಂದು ನಿಮಗೆ ತಿಳಿಯಿತಲ್ಲ? ಇವರ ಕಣ್ಣು ತುಂಬಿದ್ದರ ಮೇಲಿಂದ ಸರಿಯಬೇಕಿತ್ತು. ಹಲಗೆಯ ಕೆಳಗಿನ ಪೆಟ್ಟಿಗೆಗೆ ಬ್ಯಾಟರಿ ಹಿಡಿದು ಇಳಿದ. ತಳಕ್ಕೆ ಕಾಲು ಊರಿದ ಸದ್ದು… ಧಪ್. ಒಳಗಿಂದ ಅವನ ನಗು ಗುಂಯ್‌ಗುಟ್ಟಿತು.

"ಎಲ್ಲದಾನಲೇ ನಿಮ್ಮ ಅಬ್ರಾರ?"

ಒಳಗಿನಿಂದಲೇ ಕೊಕ್ಕಿ ಬಡಿದ, ಅಣಕಿಸಲು.

ಠಣ್!

"ಒಳಗ ಯಾರದೀರಿ?"

ಡಬ್ಬಿಯಿಂದ ಹೆಣ್ಣುದನಿ. ಸಿಹಿಯಾಗಿ.

"ಒಳಗ ಯಾರೂ ಇಲ್ರಿ. ಚಾಲೂ ಮಾಡ್ರಿ."

ಗೋಡೆಯ ಆಚೆ ಅಂಬ್ರಪ್ಪನಿಗೆ ಬಡಿದದ್ದು ಕೇಳಿತ್ತು. ಕೂಗಿದ್ದು ಕೇಳಿತ್ತು. ಉತ್ತರ ಕೇಳಿತ್ತು. ಗುಂಡಿ ಒತ್ತಿದ.

ಗೂಂ…

"ಅಂಬ್ರಪ್ಪ ಕಾಕಾ! ಬ್ಯಾಡ!" ಎಂದು ಸಾಯಿಕುಮಾರ ಚೀರಿದ. ಪಂಪು ಎದ್ದ ಮೇಲೆ ಆ ಕೋಣೆಯಲ್ಲಿ ಗುಡುಗಿದರೂ ಕೇಳುವುದಿಲ್ಲ. ಒಬ್ಬ ಹಮಾಲ ಹೊರಗಿನಿಂದ ಸುತ್ತಿ ಅಲ್ಲಿಗೆ ಓಡಿದ.

ಹಲಗೆ ನಿಧಾನವಾಗಿ ಇಳಿಯುತ್ತದೆ. ಅದೇ ಘೋರ. ಸಂಗಣ್ಣ ಮೊದಲು ಬೈದ. ಆಮೇಲೆ ಮೇಲೆ ನೋಡಿದ. ನುಣ್ಣನೆಯ ಕಬ್ಬಿಣ, ಕಾಲಿಗೆ ಆಸರೆ ಇಲ್ಲ. ಜಿಗಿದ. ಉಗುರು ಕಬ್ಬಿಣಕ್ಕೆ ಕೆರೆದವು… ಕರ್ರ್… ಕರ್ರ್… ಮತ್ತೆ ಜಿಗಿದ. ಒಂದು ಕೈ ಪೆಟ್ಟಿಗೆಯ ಅಂಚಿಗೆ ಸಿಕ್ಕಿತು. ಮುಜಫರ ಮೆಟ್ಟಿಲು ಹತ್ತಿ ಓಡಿಹೋಗಿ ಆ ಕೈ ಹಿಡಿದ. ಬಲವಾಗಿ ಹಿಡಿದ, ಎರಡೂ ಕೈಯಿಂದ ಎಳೆದ. ತನ್ನ ಓಣಿಯ ಹುಡುಗನನ್ನು ಸಂಗಣ್ಣ ಏನು ಮಾಡಿರಬೇಕೆಂದು ಹೊಳೆದಿದ್ದರೂ ಎಳೆದ.

ಹಲಗೆ ಅಂಚನ್ನು ದಾಟಿ ಒಳಗಿಳಿಯಿತು.

ಮುಜಫರ ಹಿಂದಕ್ಕೆ ಬಿದ್ದ. ಕೈ ಅವನ ಹಿಡಿತದಲ್ಲೇ ಇತ್ತು. ಮಣಿಕಟ್ಟಿನ ತನಕ.

ಒಳಗೆ ಚೀರಿದ ಸದ್ದು ಸಣ್ಣದಾಗುತ್ತ ಹೋಯಿತು. ಆಮೇಲೆ ಹಸಿ ಕಟ್ಟಿಗೆ ಸೀಳಿದ ಸದ್ದು… ಚಟ್… ಚಟಚಟ್… ಒದ್ದೆ ಚೀಲ ನೆಲಕ್ಕೆ ಒಗೆದ ಸದ್ದು. ಆಮೇಲೆ ಪಂಪಿನದು ಒಂದೇ. ಬೇಲಿನ ಸುತ್ತ ತಂತಿ ಪೋಣಿಸಲು ಪೆಟ್ಟಿಗೆಯಲ್ಲಿ ಬಿಟ್ಟ ಸಂದುಗಳಿಂದ ಕಪ್ಪಗೆ ಇಳಿಯತೊಡಗಿತು. ತಟ್… ತಟ್… ತಟ್… ಅಟ್ಟಣಿಗೆಯ ಕೆಳಗೆ ನಿಂತವನ ಹೆಗಲ ಮೇಲೆ.

ಪಂಪು ನಿಂತಿತು.

ಖೊಕ್… ಖೊಕ್…

"ಬಾಜೂ ಮೇ…" ಅಂತು ಡಬ್ಬಿ, ಗಂಡುದನಿಯಲ್ಲಿ. "ಭೀಮ್ಯಾ ಬಾಜೂ ಮೇ ಹೈ…"

ಭೀಮ್ಯಾ ಪಕ್ಕದ್ದರಲ್ಲಿದ್ದಾನೆ. ಭೀಮುವನ್ನು ಭೀಮ್ಯಾ ಎಂದು ಕರೆಯುತ್ತಿದ್ದವನು ಆ ಮಿಲ್ಲಿನಲ್ಲಿ ಅಬ್ರಾರ ಒಬ್ಬನೇ.

ಸಾಯಿಕುಮಾರ ಮಂಡಿ ಎಳೆಯುತ್ತ ಮೆಟ್ಟಿಲು ಹತ್ತಿ ತುಂಬಿದ ಪೆಟ್ಟಿಗೆಗೆ ಧುಮುಕಿದ. ತೋಡಿದ. ಕೈಗೆ ಬಂದದ್ದನ್ನು ಹೊರಗೆ ಎಸೆದ. ಬಿಳಿ ಹತ್ತಿ, ಬಿಳಿ ಹತ್ತಿ, ಬಿಳಿ ಹತ್ತಿ… ಆಮೇಲೆ ಕೆಂಪು. "ಅಣ್ಣಾ! ಏ ಅಣ್ಣಾ!" ಹಮಾಲರೂ ಇಳಿದರು. ಪೆಟ್ಟಿಗೆಯ ತಳದಲ್ಲಿ ಭೀಮು ಮುದುಡಿ ಬಿದ್ದಿದ್ದ, ಮುಖ ಕೆಳಗಾಗಿ. ಕೈಗಳನ್ನು ಬೇಲಿನ ತಂತಿಯಿಂದ ಹಿಂದಕ್ಕೆ ಬಿಗಿಯಲಾಗಿತ್ತು. ತಂತಿ ಮಾಂಸಕ್ಕೆ ಇಳಿದಿತ್ತು. ಹೆಗಲಲ್ಲಿ ಕೊಕ್ಕಿ ಹೊಕ್ಕು ಬಂದ ತೂತು. ತಲೆ ಒಡೆದು ಕೂದಲು ಹತ್ತಿಗೆ ಅಂಟಿತ್ತು.

ಉಸಿರಿತ್ತು.

ಪ್ರಜ್ಞೆ ಬಂದ ಮೇಲೆ ಅವನು ಹೇಳಿದ್ದು ಇಷ್ಟು. ಹಮಾಲರು ಚಹಾಕ್ಕೆ ಹೋದಾಗ ಅವನು ಸಂಗಣ್ಣನನ್ನು ಕೇಳಿಯೇಬಿಟ್ಟ. ಹಿಂದಿನಿಂದ ಏಟು ಬಿತ್ತು. ತಂತಿ ಬಿಗಿಯುತ್ತ ಸಂಗಣ್ಣ ಕಿವಿಯಲ್ಲಿ ಅಂದನಂತೆ:

"ಅಂವನೂ ಒಳಗಿಂದ ಕೂಗಿದ. ಅದೀನಿ, ಅದೀನಿ ಅಂದ. ಕೇಳೇ ನಾನೇ ಹೋಗಿ ಗುಂಡಿ ಒತ್ತೀನಿ."

ಮೊದಲ ರಾತ್ರಿ ಕೆಮ್ಮು ಕೇಳಿದ್ದು ಎಲ್ಲಿ ಎಂದು ಸಾಯಿಕುಮಾರ ತೋರಿಸಿದ ಮೇಲೆ ಪೊಲೀಸರು ಬಾವಿಯ ಸಿಪ್ಪೆ ತೆಗೆಸಿದರು. ಅಲ್ಲಿ ಸಿಕ್ಕಿದ್ದು ಹೇಗಿತ್ತೆಂದು ಈಗಷ್ಟೇ ಉಂಡು ಕೂತ ನಿಮ್ಮ ಮುಂದೆ ಹೇಳಬಾರದು. ಚಪ್ಪಟೆಯಾಗಿತ್ತು ಎಂದಷ್ಟೇ ಹೇಳುತ್ತೇನೆ. ಅರ್ಜುಮಂದ ಬಂದು ಅಣ್ಣನನ್ನು ಒಯ್ದು ಮಣ್ಣು ಮಾಡಿಸಿದಳು. ಬಾವಿಗೆ ಹಾಕಿಸಿದ್ದು ತಾನೇ ಎಂದು ಜಗದೇವಪ್ಪ ಒಪ್ಪಿಕೊಂಡ. ಸಾವ್ಕಾರರು ಎಂದು ನಾನು ಇನ್ನು ಅವನನ್ನು ಕರೆಯುವುದಿಲ್ಲ. ಅಂಬ್ರಪ್ಪ ಈಗಲೂ ಒಂದೇ ಮಾತು ಹೇಳುತ್ತಾನೆ: "ಮಲ್ಲಿ ಚಾಲೂ ಮಾಡ್ರಿ ಅಂದಳ್ರಿ."

ಮಲ್ಲಿ ಹಾಗೆ ಅನ್ನುವಂತಿರಲಿಲ್ಲ. ಆ ಸಾಲು ಮಧ್ಯಾಹ್ನವೇ ಹೋಗಿತ್ತು. ಸಾಯಿಕುಮಾರನ ಪಕ್ಕದಲ್ಲಿ ಕೂತು ನಾನೇ ಅದನ್ನು ಕೇಳಿ ನೋಡಿದೆ, ಬಗೆಬಗೆಯಾಗಿ, ಅದೇ ಕೂಗು ಕೂಗಿ. ಪ್ರತಿಸಲವೂ ಒಂದೇ: ನನಗ ಕಾಣೂದಿಲ್ರಿ. ಆಮೇಲೆ ಅವನು ಎಲ್ಲವನ್ನೂ ಅಳಿಸಿಬಿಟ್ಟ.

ಇನ್ನೊಂದು ಉಳಿದಿದೆ. ಅದನ್ನು ಹೇಳಿ ಮುಗಿಸುತ್ತೇನೆ.

ಭೀಮುವನ್ನು ಆ ರಾತ್ರಿ ಶಹಾಪುರದ ಆಸ್ಪತ್ರೆಯಲ್ಲಿ ನೋಡಿದವರು ಡಾಕ್ಟರ್ ನಂದಿನಿ. ಹತ್ತಿ ಮಿಲ್ಲಿನ ಆಳುಗಳನ್ನು ನೋಡಿ ಅವರಿಗೆ ರೂಢಿ. ಗಳಿಗೆ ಹೊತ್ತು ಪೆಟ್ಟಿಗೆಗೆ ಇಳಿದು ಬಂದವನ ಮೂಗು ಬಾಯಿ ಕೂಡ ಹತ್ತಿಯ ಎಳೆಯಿಂದ ತುಂಬಿರುತ್ತದೆ. ಇವನೋ ಕೈ ಕಟ್ಟಿಸಿಕೊಂಡು, ಮುಖ ಕೆಳಗಾಗಿ, ಆಳೆತ್ತರದ ಹತ್ತಿಯ ಅಡಿಯಲ್ಲಿ ಬಿದ್ದಿದ್ದವನು. ಉಸಿರುಕಟ್ಟಿ ಸಾಯುತ್ತಾನೆ ಎಂದು ಎಲ್ಲಕ್ಕಿಂತ ಮೊದಲು ಬಾಯಿ ತೆರೆದು ನೋಡಿದರು. ನಾನು ಅವರ ಎದುರಿಗೆ ಕೂತು ಕೇಳಿದೆ. ಅವರು ಯೋಚಿಸಿ, ಲೆಕ್ಕ ಹಾಕಿ ಮಾತಾಡುವ ಹೆಂಗಸು.

"ಕಿವಿಯಾಗ ಎಳಿ ಇತ್ರಿ ಸರ್. ರೆಪ್ಪಿಯಾಗ ಇತ್ತು. ಗಾಯದಾಗಿಂದ ಚಿಮಟದಲೆ ತಗದೀನಿ," ಅಂದರು. "ಮೂಗಿನಾಗ, ಬಾಯಾಗ… ಒಂದೂ ಇರಲಿಲ್ಲ."

"ಒಂದೂ?"

"ಒಂದೂ ಇರಲಿಲ್ರಿ. ಅಷ್ಟೂ ಹೊತ್ತು ಯಾರೋ ಮೂಗು ಬಾಯಿಗಿ ಅಂಗೈ ಅಡ್ಡ ಹಿಡದಂಗ."

ಇದು ನಡೆದದ್ದು.